ಸಿಸಿಎನ್‌ಎಗೆ ಆರ್‌ಎಫ್‌ಸಿ ಓದಿದ ಎಂಟು ತಿಂಗಳು

ಸಿಸಿಎನ್‌ಎ ಅಂದರೆ ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಪರೀಕ್ಷೆ. ಅದರ ಫೀಸೇ 300 ಡಾಲರ್, ಮೇಲೆ ತೆರಿಗೆ ಬೇರೆ. ಅಷ್ಟನ್ನು ಎತ್ತಿಟ್ಟ ಮೇಲೆ ದಪ್ಪ ಪುಸ್ತಕ, ವಿಡಿಯೊ ಕೋರ್ಸು ಅಂತ ಖರ್ಚು ಮಾಡಲು ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಹಾಗಾಗಿ ಆರ್‌ಎಫ್‌ಸಿ ಹಿಡಿದೆ, ಅಂದರೆ ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಟ್ಟ, ಒಂದೊಂದಕ್ಕೂ ನಂಬರ್ ಇರುವ ದಾಖಲೆಗಳು. 1969ರಿಂದ ಬರೆಯುತ್ತಾ ಬಂದಿದ್ದಾರೆ, ಪೂರ್ತಿ ಪುಕ್ಕಟೆ, ಲಾಗಿನ್ ಕೂಡ ಕೇಳುವುದಿಲ್ಲ. ಪುಕ್ಕಟೆ ಅಂತ ಶುರು ಮಾಡಿದ್ದು, ಈಗ ಪರೀಕ್ಷೆ ಮುಗಿದರೂ ಬಿಡಲು ಆಗುತ್ತಿಲ್ಲ.

ನನ್ನದು ನೈಟ್ ಶಿಫ್ಟ್. ಬೆಳಗ್ಗೆ ಏಳಕ್ಕೆ ಬಸ್ ಹತ್ತಿದರೆ ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ನಾಲ್ಕು ಪುಟ, ಟ್ರಾಫಿಕ್ ಜಾಸ್ತಿ ಇದ್ದರೆ ಏಳು. ಮೊಬೈಲಿನಲ್ಲಿ ಓದುವುದು ಕಷ್ಟ. ಸಾಲಿಗೆ 72 ಅಕ್ಷರ ಅಂತ ಲೆಕ್ಕ ಹಾಕಿ ಟೈಪ್ ಮಾಡಿದ ಹಳೇ ಪಠ್ಯ ಅದು, ಚಿಕ್ಕ ಸ್ಕ್ರೀನಿನಲ್ಲಿ ಪ್ಯಾಕೆಟ್ಟಿನ (ನೆಟ್‌ವರ್ಕಿನಲ್ಲಿ ಹೋಗುವ ಡೇಟಾದ ತುಣುಕು) ಚಿತ್ರಗಳೆಲ್ಲ ಮುರಿದು ಚೆಲ್ಲಾಪಿಲ್ಲಿ. ಅದಕ್ಕೇ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು, ಸ್ಪೈರಲ್ ಬೈಂಡಿಂಗು. ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲ್ಲಿನಿಂದ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಹಂಪ್ ಬಂದ ಕಡೆಯೆಲ್ಲ ಅಕ್ಷರ ಸೊಟ್ಟ.

ಮೊದಲು ಬೈಗುಳ. ಡೇಟಾ ತಪ್ಪದೆ ತಲುಪುವಂತೆ ನೋಡಿಕೊಳ್ಳುವ ಟಿಸಿಪಿ ಕಲಿಯಬೇಕು ಅಂತ ಆರ್‌ಎಫ್‌ಸಿ 793 ಪ್ರಿಂಟ್ ಹಾಕಿಸಿದೆ. 1981ರದ್ದು, ಎಂಬತ್ತಕ್ಕೂ ಜಾಸ್ತಿ ಪುಟ. ಮೂರು ವಾರ ಕೂತು ಓದಿ ಮುಗಿಸಿ, ಆಫೀಸಿನಲ್ಲಿ ಸ್ವಲ್ಪ ಜಂಬದಿಂದ ಮೇಜಿನ ಮೇಲೆ ಇಟ್ಟಿದ್ದೆ. ಸೀನಿಯರ್ ಒಬ್ಬರು ನೋಡಿ, "ಇದು ಹಳೇದಲ್ವಾ? 9293 ಬಂದು ಎಷ್ಟು ದಿನ ಆಯ್ತು" ಅಂದರು. 2022ರಲ್ಲೇ ಬಂದಿದೆ! ವಿಷಯ ಏನೆಂದರೆ, ಒಮ್ಮೆ ಪ್ರಕಟವಾದ ಆರ್‌ಎಫ್‌ಸಿಯಲ್ಲಿ ಒಂದು ಅಕ್ಷರವನ್ನೂ ಬದಲಾಯಿಸುವುದಿಲ್ಲ. ಬದಲಾಯಿಸಬೇಕಾದರೆ ಹೊಸ ನಂಬರಿನಲ್ಲಿ ಹೊಸದು ಬರೆಯುತ್ತಾರೆ. ಹಳೇ ಪಠ್ಯಕ್ಕೆ ತಾನು ರದ್ದಾಗಿದ್ದೇನೆ ಅಂತಲೇ ಗೊತ್ತಿರುವುದಿಲ್ಲ, ಅದು ಕಾಣುವುದು ವೆಬ್ ಪೇಜಿನ ತಲೆಯ ಮೇಲೆ ಮಾತ್ರ. ನಾನೋ ಬರೀ ಪಠ್ಯ ಇಳಿಸಿಕೊಂಡು ಅಂಗಡಿಗೆ ಓಡಿದವನು. ಸಂಪರ್ಕ ಶುರು ಮಾಡುವ ಹ್ಯಾಂಡ್‌ಶೇಕ್ ಹೊಸದರಲ್ಲೂ ಅದೇ ಮೂರು ಹೆಜ್ಜೆ, ಓದಿದ್ದು ಪೂರ್ತಿ ದಂಡ ಆಗಲಿಲ್ಲ ಅನ್ನಿ. ಆದರೂ ಹೊಟ್ಟೆ ಉರಿಯಿತು.

ಇನ್ನೊಂದು. ಸಿಲಬಸ್ಸಿನ ಅರ್ಧ ಇಲ್ಲಿ ಸಿಗುವುದೇ ಇಲ್ಲ. ಒಂದೇ ಸ್ವಿಚ್ಚನ್ನು ಹಲವು ನೆಟ್‌ವರ್ಕುಗಳಾಗಿ ಭಾಗ ಮಾಡುವ ವಿಲ್ಯಾನ್, ಸ್ವಿಚ್ಚುಗಳ ಮಧ್ಯೆ ಡೇಟಾ ಸುತ್ತು ಹೊಡೆಯದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀ ಎಲ್ಲ ಐಇಇಇ ಅನ್ನುವ ಬೇರೆ ಸಂಸ್ಥೆಯ ಕಡೆಯವು. ರೂಟರುಗಳು ದಾರಿ ಹುಡುಕಲು ಬಳಸುವ ಓಎಸ್‌ಪಿಎಫ್‌ಗೆ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ (ಯಾರು ಹೇಳಿದ ದಾರಿಯನ್ನು ಹೆಚ್ಚು ನಂಬಬೇಕು ಅನ್ನುವ ಅಂಕ) 110 ಅನ್ನುವುದು ರೂಟರ್ ಮಾಡಿದವರ ಲೆಕ್ಕ, ಆರ್‌ಎಫ್‌ಸಿಯದ್ದಲ್ಲ. ಕಮಾಂಡುಗಳಿಗೆ ಪ್ಯಾಕೆಟ್ ಟ್ರೇಸರ್ ಅನ್ನುವ ಅಭ್ಯಾಸದ ಸಾಫ್ಟ್‌ವೇರ್ ಬೇಕೇ ಬೇಕು.

ಇಷ್ಟು ಬೈದುಕೊಂಡೇ ಒಂದು ದಿನ 826 ತೆಗೆದೆ. ಎಆರ್‌ಪಿ, ಅಂದರೆ ಈ ಐಪಿ ಅಡ್ರೆಸ್ ಯಾರದ್ದು ಅಂತ ನೆಟ್‌ವರ್ಕಿನಲ್ಲಿ ಎಲ್ಲರಿಗೂ ಕೂಗಿ ಕೇಳಿ, ಆ ಯಂತ್ರದ ಹಾರ್ಡ್‌ವೇರ್ ಅಡ್ರೆಸ್ ತಿಳಿದುಕೊಳ್ಳುವ ವಿಧಾನ. 1982ರದ್ದು, ಹತ್ತೇ ಪುಟ, ಒಂದೂವರೆ ಟ್ರಾಫಿಕ್ ಜಾಮಿಗೆ ಆಯಿತು.

ಅದರಲ್ಲಿ ಎಆರ್‌ಪಿ ಪ್ಯಾಕೆಟ್ ಬಂದಾಗ ಏನು ಮಾಡಬೇಕು ಅಂತ ಹೆಜ್ಜೆ ಹೆಜ್ಜೆಯಾಗಿ ಇದೆ. ಬಂದಿದ್ದು ಪ್ರಶ್ನೆಯೋ ಉತ್ತರವೋ ಅಂತ ನೋಡುವುದಕ್ಕೂ ಮೊದಲೇ, ಕಳಿಸಿದವನ ಅಡ್ರೆಸ್ ಟೇಬಲ್ಲಿನಲ್ಲಿ ಬರೆದುಕೊಳ್ಳಬೇಕಂತೆ. ಯಾಕೆ ಅಂದರೆ, ಅವನಿಗೆ ನನ್ನ ಹತ್ತಿರ ಕೆಲಸ ಇದೆ ಅಂದಮೇಲೆ ನನಗೂ ಅವನ ಹತ್ತಿರ ಮಾತಾಡುವುದು ಇದ್ದೇ ಇರುತ್ತದೆ, ಆಗ ಮತ್ತೆ ಊರಿಗೆಲ್ಲ ಕೇಳುವ ಹಾಗೆ ಕೂಗುವುದು ಯಾಕೆ? ಎಷ್ಟು ಮರ್ಯಾದಸ್ಥ ಯೋಚನೆ. ಆದರೆ ಅದೇ ಜಾಗದಲ್ಲಿ ಕಳ್ಳನಿಗೂ ಬಾಗಿಲು. ಯಾರೂ ಕೇಳದೆ ಇದ್ದರೂ ಒಬ್ಬ ಬಂದು "ಇಂಟರ್ನೆಟ್ಟಿಗೆ ದಾರಿ ಕೊಡುವ ಗೇಟ್‌ವೇ ನಾನೇ" ಅಂದರೆ ಕಂಪ್ಯೂಟರ್ ಸುಮ್ನೆ ನಂಬಿ ಬರೆದುಕೊಳ್ಳುತ್ತದೆ. ಇಂಥ ಸುಳ್ಳನ್ನು ಸ್ವಿಚ್ಚಿನಲ್ಲೇ ತಡೆಯುವ ಡೈನಾಮಿಕ್ ಎಆರ್‌ಪಿ ಇನ್‌ಸ್ಪೆಕ್ಷನ್ ಅಂತ ಸಿಲಬಸ್ಸಿನಲ್ಲಿ ಇದೆಯಲ್ಲ, ವಿಡಿಯೊ ನೋಡಿ ಅದರ ಕಮಾಂಡು ಬಾಯಿಪಾಠ ಮಾಡಿದ್ದೆ, ಆದರೆ ಡಿಎಚ್‌ಸಿಪಿ ಸ್ನೂಪಿಂಗ್ ಟೇಬಲ್ಲಿನ (ಡಿಎಚ್‌ಸಿಪಿ ಯಾರಿಗೆ ಯಾವ ಐಪಿ ಅಡ್ರೆಸ್ ಹಂಚಿದೆ ಅನ್ನುವ ಪಟ್ಟಿ) ಜೊತೆ ಸ್ವಿಚ್ಚು ಯಾಕೆ ತಾಳೆ ನೋಡುತ್ತದೆ ಅನ್ನುವುದು ತಲೆಗೆ ಹೋಗಿರಲಿಲ್ಲ. ಬೊಮ್ಮನಹಳ್ಳಿ ಸಿಗ್ನಲ್ಲಿನಲ್ಲಿ ಹೋಯಿತು.

ಮನೆಗೆ ಬಂದು ಮಲಗಲೇ ಇಲ್ಲ. ಲ್ಯಾಪ್‌ಟಾಪಿನ ಎಆರ್‌ಪಿ ಟೇಬಲ್ ಅಳಿಸಿ, ಓಡಾಡುವ ಪ್ಯಾಕೆಟ್ಟುಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಹಚ್ಚಿ, ಮನೆಯ ರೂಟರಿಗೆ ಪಿಂಗ್ ಮಾಡಿದೆ. ಎಆರ್‌ಪಿ ಪ್ಯಾಕೆಟ್ಟಿನ ಬೈಟುಗಳು ಸಾಲಾಗಿ ಕಂಡವು: 00 01, 08 00, 06, 04, ಆಮೇಲೆ ಪ್ರಶ್ನೆ ಅಂತ 00 01. ಒಟ್ಟು 28 ಬೈಟು. ಪ್ರಿಂಟು ತೊಡೆಯ ಮೇಲಿಟ್ಟುಕೊಂಡು ಒಂದೊಂದಕ್ಕೂ ಟಿಕ್ ಹಾಕುತ್ತಾ ಹೋದೆ. ನಲವತ್ತು ವರ್ಷದ ಹಿಂದೆ ಬರೆದಿಟ್ಟ ಹಾಗೇ ನನ್ನ ಬಾಡಿಗೆ ರೂಮಿನ ವೈಫೈಯಲ್ಲಿ ಓಡಾಡುತ್ತಿದೆ! ಅಮ್ಮ ಫೋನ್ ಮಾಡಿ ತಿಂಡಿ ಆಯ್ತಾ ಅಂದಾಗಲೇ ಹೊಟ್ಟೆ ಹಸಿದಿದ್ದು ಗೊತ್ತಾಗಿದ್ದು.

ಪರೀಕ್ಷೆ ಪಾಸಾಯಿತು. ಯಾವ ಪ್ರಶ್ನೆ ಬಂತು ಅಂತ ಹೇಳುವ ಹಾಗಿಲ್ಲ. ಮೂರು ವಾರದಲ್ಲಿ ಪರೀಕ್ಷೆ ಇದೆ ಅನ್ನುವವರು ಈ ದಾರಿ ಹಿಡಿಯಬೇಡಿ, ಟೈಮ್ ಸಾಲುವುದಿಲ್ಲ. ಟೈಮ್ ಇದೆ, ದುಡ್ಡಿಲ್ಲ ಅನ್ನುವ ನನ್ನಂಥವರು 826ರಿಂದ ಶುರು ಮಾಡಿ, ಆಮೇಲೆ ಮನೆ, ಆಫೀಸಿನ ಒಳಗಷ್ಟೇ ಬಳಸುವ ಪ್ರೈವೇಟ್ ಅಡ್ರೆಸ್ಸಿನ 1918, ಡಿಎಚ್‌ಸಿಪಿಯ 2131.

ನಾನೀಗ ಓಎಸ್‌ಪಿಎಫ್‌ನ 2328ಕ್ಕೆ ಕೈ ಹಾಕಿದ್ದೇನೆ. 244 ಪುಟ. ಈ ಸಲ ಮೊದಲು ಪೇಜಿನ ತಲೆ ನೋಡಿದೆ: ರದ್ದಾಗಿಲ್ಲ, ಅಪ್‌ಡೇಟುಗಳು ಮಾತ್ರ ಇವೆ. ಎರಡೂ ಬದಿಗೆ ಹಾಕಿಸಿದರೆ ರೇಟ್ ಕಡಿಮೆ ಮಾಡ್ತೀನಿ ಅಂದಿದ್ದಾರೆ ಜೆರಾಕ್ಸ್ ಅಂಗಡಿಯವರು.