ಸೇಂಟ್ ಆಂಡ್ರೂಸ್ ಗಾಲ್ಫ್ ಮ್ಯೂಸಿಯಂ: ಆಟ ಬರ್ದೇ ಇದ್ರೂ ಹೋಗ್ಬನ್ನಿ

ಗಾಲ್ಫ್ ಬಗ್ಗೆ ನಂಗಿದ್ದ ಜ್ಞಾನ ಅಂದ್ರೆ ಸ್ಯಾಂಕಿ ರೋಡಲ್ಲಿ ಬಸ್ಸಲ್ಲಿ ಹೋಗ್ವಾಗ ಕಣ್ಣಿಗೆ ಬೀಳೋ ಹಸಿರು ಅಷ್ಟೇ, ದುಡ್ಡಿದ್ದೋರ ಆಟ ಬಿಡಪ್ಪ ಅಂತ ಸುಮ್ನಿದ್ದೆ. ಎಡಿನ್‌ಬರಾಲಿ ಅಕ್ಕನ ಮನೆಗೆ ಬಂದ್ರೆ ಭಾವ ಬಿಡ್ಬೇಕಲ್ಲ, ಭಾನುವಾರ ಬೆಳಿಗ್ಗೆನೇ ಎಬ್ಬಿಸಿ ಕರ್ಕೊಂಡ್ ಹೊರಟ್ರು. ಸ್ಕಾಟ್ಲೆಂಡಿನ ಗಾಲ್ಫ್ ಊರು ಸೇಂಟ್ ಆಂಡ್ರೂಸ್‌ಗೆ ಟ್ರೈನ್ ಇಲ್ಲ, ಲೂಕರ್ಸ್ ಅನ್ನೋ ಸ್ಟೇಷನ್ನಲ್ಲಿ ಇಳಿದು ಬಸ್ ಹಿಡೀಬೇಕು.

ಮ್ಯೂಸಿಯಂ ಇರೋದು ಆರ್ ಅಂಡ್ ಎ ಅನ್ನೋ ಹಳೇ ಗಾಲ್ಫ್ ಕ್ಲಬ್ಬಿನ ಕಟ್ಟಡದ ಹಿಂದೆ, ಸಮುದ್ರದ ಕಡೆಗೆ. ನಾನು ಜಾಸ್ತಿ ಹೊತ್ತು ನಿಂತಿದ್ದು ಹಳೇ ಚೆಂಡುಗಳ ಮುಂದೆ. ಆಗೆಲ್ಲ ಚರ್ಮದ ಚೀಲದೊಳಗೆ ಒಂದು ಹ್ಯಾಟ್ ತುಂಬ ಪುಕ್ಕ ಒದ್ದೆ ಮಾಡಿ ತುರುಕ್ತಿದ್ರಂತೆ, ಒಣಗ್ತಾ ಪುಕ್ಕ ಉಬ್ಬಿ ಚರ್ಮ ಬಿಗಿದು ಕಲ್ಲಾಗೋದು, ಹೊಲಿಗೆ ನೋಡಿದ್ರೆ ನಮ್ಮೂರ ಮೋಚಿ ಹಾಕಿದ ಹಾಗೇ ಇದೆ! ಅದನ್ನ ಮಾಡ್ತಿದ್ದ ಆಲನ್ ರಾಬರ್ಟ್‌ಸನ್ ಹತ್ರ ಕೆಲ್ಸಕ್ಕಿದ್ದೋನು ಟಾಮ್ ಮಾರಿಸ್. 1848ರ ಸುಮಾರಿಗೆ ಗಟಾಪರ್ಚಾ ಅನ್ನೋ ಮರದ ಅಂಟಿನ ಅಗ್ಗದ ಚೆಂಡು ಬಂತು, ಟಾಮ್ ಅದ್ರಲ್ಲಿ ಆಡಿದ್ದಕ್ಕೆ ಧಣಿಗೂ ಅವನಿಗೂ ಜಗಳ, ಕೊನೆಗೆ 1851ರಲ್ಲಿ ಪಶ್ಚಿಮ ಕರಾವಳಿಯ ಪ್ರೆಸ್ಟ್‌ವಿಕ್‌ಗೆ ಹೋಗಿ ಅಲ್ಲಿ 12 ಹೋಲ್‌ನ, ಅಂದ್ರೆ ಚೆಂಡು ಬೀಳಿಸೋಕೆ 12 ಗುಳಿ ಇರೋ ಮೈದಾನ ಮಾಡ್ದ. ದಿ ಓಪನ್ ಅನ್ನೋ ದೊಡ್ಡ ಗಾಲ್ಫ್ ಟೂರ್ನಮೆಂಟ್ ಶುರುವಾಗಿದ್ದು ಅದೇ ಮೈದಾನದಲ್ಲಿ, 1860ರ ಅಕ್ಟೋಬರ್ 17ಕ್ಕೆ. ಚೆಂಡಿನ ಜಗಳ ಆಗ್ದೇ ಇದ್ದಿದ್ರೆ ಅಂತ ನಂಗೆ ಈಗ್ಲೂ ಅನ್ಸುತ್ತೆ.

ಆಡಿದ್ದು ಬರೀ 8 ಜನ, ಒಂದೇ ದಿನ ಮೈದಾನ ಪೂರ್ತಿ 3 ರೌಂಡು. ಸಾಹೇಬ್ರುಗಳಲ್ಲ, ಆಟಗಾರರ ಬ್ಯಾಗ್ ಹೊರೋ ಕ್ಯಾಡಿ ಕೆಲ್ಸ, ಹುಲ್ಲು ನೋಡ್ಕೊಳ್ಳೋ ಕೆಲ್ಸದಲ್ಲೇ ಬೆಳೆದೋರು. ಕಮ್ಮಿ ಹೊಡೆತದಲ್ಲಿ ಮುಗಿಸ್ದೋನೇ ಗೆಲ್ಲೋದು; ವಿಲ್ಲಿ ಪಾರ್ಕ್ ಅನ್ನೋನು 174 ಹೊಡೆತದಲ್ಲಿ ಮುಗಿಸ್ದ, ಟಾಮ್ ಎರಡೇ ಹೊಡೆತದಿಂದ ಸೋತ. ಗೆದ್ದೋನಿಗೆ ದುಡ್ಡಿಲ್ಲ, ಕೆಂಪು ಚರ್ಮಕ್ಕೆ ಬೆಳ್ಳಿ ಬಕಲ್ ಹಾಕಿದ ಬೆಲ್ಟು, ಸತತ ಮೂರು ಸಲ ಗೆದ್ರೆ ಮಾತ್ರ ಸ್ವಂತ. ಟಾಮ್ ಆಮೇಲೆ ನಾಲ್ಕು ಸಲ ಗೆದ್ದ ಬಿಡಿ. ಆದ್ರೆ ಅವನ ಮಗ, ಅವನೂ ಟಾಮೇ, 1868ರಲ್ಲಿ 17ನೇ ವಯಸ್ಸಿಗೆ ಗೆದ್ದು, 69, 70ರಲ್ಲೂ ಗೆದ್ದು ಬೆಲ್ಟ್ ಮನೆಗೇ ತಗೊಂಡ್ ಹೋದ! ಕೊಡೋಕೆ ಏನೂ ಇಲ್ದೆ 1871ರಲ್ಲಿ ಟೂರ್ನಮೆಂಟೇ ನಡೀಲಿಲ್ಲ. ಮುಂದಿನ ವರ್ಷ ಮೂರು ಕ್ಲಬ್ಬು ಸೇರಿ ಬೆಳ್ಳಿ ಜಗ್ ಮಾಡಿಸೋಕೆ ಹೊರಟ್ರೆ ಅದು ಟೈಮಿಗೆ ರೆಡಿಯಾಗ್ಲಿಲ್ಲ, ಗೆದ್ದಿದ್ದು ಮತ್ತೆ ಇವನೇ, ಜಗ್ ಮೇಲೆ ಮೊದಲ ಹೆಸರು ಇವನದ್ದೇ.

ಓಪನ್‌ನ ಮೊದಲ ಹೋಲ್ ಇನ್ ವನ್ನೂ, ಅಂದ್ರೆ ಒಂದೇ ಏಟಿಗೆ ಚೆಂಡು ಗುಳಿಗೆ ಹಾಕಿದ್ದೂ, ಇವನದ್ದು. ನಮ್ಮ ಬೆಂಗಳೂರಲ್ಲಿ ಪಳಗಿದ ಗಾಲ್ಫರ್ ಅನಿರ್ಬನ್ ಲಾಹಿರಿ 2012ರ ಓಪನ್‌ನಲ್ಲಿ ಹಾಗೇ ಒಂದೇ ಏಟಿಗೆ ಹಾಕಿದ್ದು ಭಾವ ದಾರಿಯುದ್ದಕ್ಕೂ ಹೇಳ್ತಾನೇ ಇದ್ರು.

ಹೋಗೋರಿಗೆ: ಎರಡು ಗಂಟೆ ಇಟ್ಕೊಳ್ಳಿ, ತಿಂಡಿ ಕಟ್ಕೊಂಡ್ ಹೋಗಿ, ಪೇಟೆ ಬೀದೀಲಿ ಒಂದು ಕಡೆ ಸ್ಕೋನ್ ಅನ್ನೋ ಒಣಗಿದ ಬನ್ನಿಗೆ ತೆತ್ತ ದುಡ್ಡು ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಭಾನುವಾರ ಸಾಮಾನ್ಯವಾಗಿ ಇಲ್ಲಿನ ಹಳೇ ಗಾಲ್ಫ್ ಮೈದಾನ ಓಲ್ಡ್ ಕೋರ್ಸಲ್ಲಿ ಆಟ ಇರಲ್ಲ, ಯಾರ್ ಬೇಕಾದ್ರೂ ನಡೀಬಹುದು, ಜನ ನಾಯಿ ಕರ್ಕೊಂಡ್ ಓಡಾಡ್ತಿರ್ತಾರೆ. ಆಮೇಲೆ ಪಾಳುಬಿದ್ದ ಕೆಥೆಡ್ರಲ್ ಹತ್ರ ಟಾಮ್ ಅಪ್ಪ-ಮಗನ ಸಮಾಧಿ ತಪ್ಪಿಸ್ಬೇಡಿ. ಮಗ ಸತ್ತಿದ್ದು 1875ರ ಕ್ರಿಸ್‌ಮಸ್ ದಿನ, ಬರೀ 24 ವರ್ಷ, ಅಪ್ಪ 1908ರ ತನಕ ಇದ್ದ. ಕಲ್ಲಲ್ಲಿ ಕೆತ್ತಿರೋ ಹುಡುಗ ಟೋಪಿ ಹಾಕ್ಕೊಂಡು ಚೆಂಡಿನ ಕಡೆ ಬಗ್ಗಿದ್ದಾನೆ, ಅವನ ಕಾಲ ಹತ್ರ ಯಾರೋ ಹೊಸಾ ಚೆಂಡೊಂದು ಇಟ್ಟು ಹೋಗಿದ್ರು.