ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರೇ, ಮುಂಗಡ ಕೊಡುವ ಮೊದಲು ದಂಡದ ಬಾಕಿ ನೋಡಿ

2025ರ ಸೆಪ್ಟೆಂಬರ್ ಕೊನೆಯ ವಾರ ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ನಮ್ಮ ಮನೆಗೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ಮನೆಗೆ ಪೊಲೀಸ್ ಇಲಾಖೆಯ ಕಾಗದ ಬಂದದ್ದು ಅದೇ ಮೊದಲು. ಅಮ್ಮ ಅದನ್ನು ದೇವರ ಕೋಣೆಯ ಗೂಡಿನಲ್ಲಿಟ್ಟು, ನಾನು ಕೆಲಸದಿಂದ ಬರುವವರೆಗೂ ಊಟ ಮಾಡದೆ ಕೂತಿದ್ದರು. "ಬೆಂಗಳೂರಿನಲ್ಲಿ ಏನು ಮಾಡಿಕೊಂಡೆಯಪ್ಪಾ?" ಎಂದು ಕೇಳಿದರು.

ಒಳಗಿದ್ದದ್ದು ನಿಲುಗಡೆ ನಿಷೇಧವಿರುವ ಕಡೆ ಕಾರು ನಿಲ್ಲಿಸಿದ್ದಕ್ಕೆ ದಂಡದ ನೋಟಿಸ್. ಫೋಟೊದಲ್ಲಿದ್ದದ್ದು ನನ್ನದೇ ಕಾರು, ನಂಬರೂ ನನ್ನದೇ. ಹಿಂಬಾಗಿಲಿನ ಮೇಲಿನ ಉದ್ದನೆಯ ಗೀರು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ದಿನಾಂಕ ಮೇ ತಿಂಗಳದ್ದು. ನಾನು ಆ ಕಾರನ್ನು ಕೊಂಡದ್ದು ಜೂನ್ 14ರಂದು.

ಅಪ್ಪನಿಗೆ ಮಂಡಿ ನೋವು. ಬಸ್ ಹತ್ತಿ ಇಳಿಯುವುದು ಕಷ್ಟವಾದ್ದರಿಂದ ಕಾರು ಬೇಕಾಯಿತು. ಪರಿಚಯದವರೊಬ್ಬರು ಬೆಂಗಳೂರಿನ ಒಬ್ಬ ಮಾರಾಟಗಾರನನ್ನು ತೋರಿಸಿದರು. ನಾನು ಎಂಜಿನ್ ನೋಡಿಸಿದೆ, ಟೈರ್ ನೋಡಿದೆ, ವಿಮೆಯ ಅವಧಿ ನೋಡಿದೆ, ಅಪಘಾತವಾಗಿದೆಯೇ ಎಂದು ಮೆಕ್ಯಾನಿಕ್ ಕೈಯಲ್ಲಿ ಪರೀಕ್ಷೆ ಮಾಡಿಸಿದೆ. ದಂಡದ ಬಾಕಿ ಕೇಳಿದಾಗ ಮಾರಾಟಗಾರ ತನ್ನ ಮೊಬೈಲಿನಲ್ಲಿ ಒಂದು ಪುಟ ತೆರೆದು ತೋರಿಸಿದ. ಬಾಕಿ ಏನೂ ಇಲ್ಲ ಎಂದಿತ್ತು. ಅಲ್ಲಿಗೆ ನಾನು ಸುಮ್ಮನಾದೆ. ಅವನು ತೋರಿಸಿದ್ದು ಕೇಂದ್ರ ಸಾರಿಗೆ ಇಲಾಖೆಯ ಇ-ಚಲನ್ ಪುಟ. ಬೆಂಗಳೂರು ಸಂಚಾರ ಪೊಲೀಸರ ಪ್ರಕರಣಗಳನ್ನು ಅವರದೇ ಜಾಲತಾಣದಲ್ಲಿ ಪ್ರತ್ಯೇಕವಾಗಿ ನೋಡಬೇಕು ಎಂಬುದು ನನಗೆ ಹೊಳೆಯಲಿಲ್ಲ.

ನೋಟಿಸ್ ಬಂದ ರಾತ್ರಿ ಅಲ್ಲಿ ನಂಬರ್ ಹಾಕಿ ನೋಡಿದೆ. ಒಂದಲ್ಲ, ಹನ್ನೊಂದು ಪ್ರಕರಣ, ಒಟ್ಟು 8,500 ರೂಪಾಯಿ. ಎರಡನ್ನು ಬಿಟ್ಟರೆ ಉಳಿದವೆಲ್ಲ ನಿಲುಗಡೆಯವು.

ನನಗೆ ಬಂದ ಸಿಟ್ಟಿನಲ್ಲಿ ಆರ್‌ಸಿಯ ಹಳೆಯ ಪ್ರತಿ ಹುಡುಕಿ, ಅದರಲ್ಲಿದ್ದ ಹೆಸರಿನವರ ಮೊಬೈಲ್ ಸಂಖ್ಯೆ ಹೇಗೋ ಪತ್ತೆ ಮಾಡಿ, ಮರುದಿನ ಬೆಳಿಗ್ಗೆಯೇ ಕರೆ ಮಾಡಿದೆ. ನಿವೃತ್ತ ನೌಕರರು, ಹಿರಿಯರು. ನಾನು ಅವರ ಮಾತು ಕೇಳುವ ಮೊದಲೇ ಬಹಳ ಕಟುವಾಗಿ ಮಾತನಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ಕಾರನ್ನು ನಾನು ಮಾರ್ಚ್ 3ಕ್ಕೇ ಕೊಟ್ಟೆನಲ್ಲ ಸಾರ್. ನೀವು ಹೇಳುವ ಮೇ ತಿಂಗಳಲ್ಲಿ ಅದು ನನ್ನ ಹತ್ತಿರ ಇರಲೇ ಇಲ್ಲ. ಒಮ್ಮೆ ಎಲ್ಲದರ ದಿನಾಂಕ ನೋಡಿ."

ನೋಡಿದೆ. ಹನ್ನೊಂದರಲ್ಲಿ ಏಳು ಪ್ರಕರಣಗಳು ಮಾರ್ಚ್‌ಗಿಂತ ಹಿಂದಿನವು, ಅವರ ಕಾಲದವು. ಉಳಿದ ನಾಲ್ಕು ಏಪ್ರಿಲ್ ಮತ್ತು ಮೇ ತಿಂಗಳವು, ನಾಲ್ಕೂ ಒಂದೇ ರಸ್ತೆಯವು. ಫೋಟೊ ದೊಡ್ಡದು ಮಾಡಿ ನೋಡಿದಾಗ ಆ ರಸ್ತೆ ನನಗೆ ಗುರುತು ಸಿಕ್ಕಿತು. ಮಾರಾಟಗಾರನ ಮಳಿಗೆ ಇರುವ ರಸ್ತೆ ಅದು. ಒಳಗೆ ಜಾಗವಿಲ್ಲದೆ ಮಾರಾಟದ ಕಾರುಗಳನ್ನೆಲ್ಲ ಹೊರಗೆ ಸಾಲಾಗಿ ನಿಲ್ಲಿಸಿದ್ದನ್ನು ಕೊಳ್ಳಲು ಹೋದ ದಿನ ನಾನೇ ಕಣ್ಣಾರೆ ಕಂಡಿದ್ದೆ.

ಹಿಂದಿನ ಮಾಲೀಕರು ದೊಡ್ಡ ಮನುಷ್ಯರು. ತಮ್ಮ ಏಳು ಪ್ರಕರಣಗಳ ಫೋಟೊ ನೋಡಿದ ಸಂಜೆಯೇ 5,000 ರೂಪಾಯಿ ಕಟ್ಟಿ ರಸೀದಿ ಕಳುಹಿಸಿದರು. ಮಗಳ ಮನೆಯ ಮುಂದೆ ನಿಲ್ಲಿಸುತ್ತಿದ್ದುದು, ಒಂದರ ಸಂದೇಶವೂ ತಮ್ಮ ಮೊಬೈಲಿಗೆ ಬಂದಿರಲಿಲ್ಲ, ಆರ್‌ಸಿಯಲ್ಲಿ ಹಳೆಯ ಸಂಖ್ಯೆ ಇತ್ತು ಎಂದರು. ನಾನು ಕ್ಷಮೆ ಕೇಳಿದೆ.

ಮಾರಾಟಗಾರ ಮಾತ್ರ ಮೊದಲ ಕರೆಗೆ "ನೋಡುತ್ತೇನೆ" ಎಂದ, ಎರಡನೆಯದಕ್ಕೆ "ಇದ್ದ ಸ್ಥಿತಿಯಲ್ಲಿ ಕೊಂಡಿದ್ದೀರಿ" ಎಂದ, ಮೂರನೆಯ ಕರೆ ಎತ್ತಲೇ ಇಲ್ಲ.

ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಸಂಚಾರ ಠಾಣೆಯಲ್ಲಿ ಕಾಗದಗಳನ್ನು ತೋರಿಸಿದೆ. ಅಲ್ಲಿದ್ದ ಅಧಿಕಾರಿ ತಾಳ್ಮೆಯಿಂದ ಕೇಳಿದರು. ಅವರ ಕೈಯಲ್ಲಿರುವ ಯಂತ್ರಕ್ಕೆ ಗೊತ್ತಾಗುವುದು ವಾಹನದ ನಂಬರ್ ಮಾತ್ರ. ಬಾಕಿ ಇರುವ ನಂಬರ್ ರಸ್ತೆಯಲ್ಲಿ ಸಿಕ್ಕಿದರೆ, ಚಾಲಕನ ಸ್ಥಾನದಲ್ಲಿ ಯಾರೇ ಇದ್ದರೂ ತಡೆದು ಕೇಳುತ್ತಾರೆ. ಲಿಖಿತವಾಗಿ ಮನವಿ ಕೊಡಬಹುದು, ಆದರೆ ಅದು ತೀರ್ಮಾನವಾಗುವವರೆಗೆ ಬಾಕಿ ನಂಬರಿನ ಮೇಲೆಯೇ ಇರುತ್ತದೆ ಎಂದರು. ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಯಾವುದೋ ವೃತ್ತದಲ್ಲಿ ಕಾರು ತಡೆದು ನಿಲ್ಲಿಸುವ ದೃಶ್ಯ ಕಣ್ಣ ಮುಂದೆ ಬಂತು. ಉಳಿದ ನಾಲ್ಕರ 3,500 ರೂಪಾಯಿಯನ್ನು ನಾನೇ ಕಟ್ಟಿದೆ. ಕಟ್ಟುವ ಮೊದಲು ಪ್ರತಿ ಪ್ರಕರಣದ ಫೋಟೊ, ದಿನಾಂಕ, ಸಮಯ, ಸ್ಥಳ ಎಲ್ಲವನ್ನೂ ಉಳಿಸಿಕೊಂಡೆ. ನೀವೂ ಹಾಗೆಯೇ ಮಾಡಿ. ಮುಂದೆ ಯಾರ ಹತ್ತಿರ ಹಣ ಕೇಳಬೇಕಾದರೂ ಕೈಯಲ್ಲಿರುವ ಸಾಕ್ಷಿ ಅದೊಂದೇ.

ಇನ್ನೊಂದು ನೋವು ಹೇಳಿಕೊಳ್ಳಬೇಕು. ಅದೇ ವರ್ಷ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಸರ್ಕಾರ ಬಾಕಿ ಸಂಚಾರ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಿತ್ತು. ಪತ್ರಿಕೆಯಲ್ಲಿ ಓದಿ, ನನಗೇನು ಬಾಕಿ ಇದೆ ಎಂದು ಪುಟ ತಿರುವಿದ್ದೆ. ಹಳೆಯ ಕಾರು ಇಟ್ಟುಕೊಂಡವರು ಅಂತಹ ಸುದ್ದಿ ಕಂಡಾಗ ಒಮ್ಮೆಯಾದರೂ ನಂಬರ್ ಹಾಕಿ ನೋಡಬೇಕು.

ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ. 2023ರ ಏಪ್ರಿಲ್ 1ರಿಂದ ನೋಂದಾಯಿತ ವಾಹನಗಳ ಮರುಮಾರಾಟಕ್ಕೆ ಹೊಸ ನಿಯಮಗಳಿವೆ. ಮರುಮಾರಾಟದ ವ್ಯಾಪಾರಿ ಅಧಿಕೃತ ಪ್ರಮಾಣಪತ್ರ ಪಡೆದಿರಬೇಕು. ಮಾಲೀಕರು ವಾಹನವನ್ನು ಅಂತಹ ವ್ಯಾಪಾರಿಗೆ ಒಪ್ಪಿಸಿದಾಗ ಫಾರಂ 29ಸಿ ಮೂಲಕ ಸಾರಿಗೆ ಇಲಾಖೆಗೆ ತಿಳಿಸಬೇಕು. ಅಲ್ಲಿಂದ ಮುಂದೆ ವಾಹನದ ಹೊಣೆ ವ್ಯಾಪಾರಿಯದು. ಅವನು ಅದನ್ನು ಓಡಿಸಿದರೆ ಯಾಕೆ, ಯಾರು, ಎಷ್ಟು ಕಿಲೋಮೀಟರ್ ಎಂದು ದಾಖಲೆ ಇಡಬೇಕು. ನನಗೆ ಮಾರಿದವನ ಬಳಿ ಇದ್ಯಾವುದೂ ಇರಲಿಲ್ಲ. ಹಿಂದಿನ ಮಾಲೀಕರಿಂದ ಸಹಿ ಮಾಡಿಸಿಕೊಂಡ, ಮಾಲೀಕತ್ವ ವರ್ಗಾವಣೆಯ ಖಾಲಿ ಫಾರಂ 29 ಮತ್ತು 30 ಮಾತ್ರ ಇದ್ದವು. ಮೂರು ತಿಂಗಳು ಕಾರು ಒಬ್ಬರ ಹೆಸರಿನಲ್ಲಿತ್ತು, ಇನ್ನೊಬ್ಬರ ಕೈಯಲ್ಲಿತ್ತು. ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡು ಕಾರು ಒಯ್ಯುವ ವ್ಯಾಪಾರಿಯನ್ನು ಕೊಳ್ಳುವವರೂ ನಂಬಬೇಡಿ, ಮಾರುವವರೂ ನಂಬಬೇಡಿ.

ಮಾರುವವರಿಗೆ ಇದು ದಂಡಕ್ಕಿಂತ ದೊಡ್ಡ ಅಪಾಯ. ಮೋಟಾರು ವಾಹನ ಕಾಯ್ದೆಯ ಪ್ರಕಾರ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಮಾಲೀಕರು. ಮಾರಿಯಾದ ಮೇಲೂ ಆರ್‌ಸಿಯಲ್ಲಿ ಹೆಸರು ಉಳಿದಿದ್ದರೆ ಅಪಘಾತದ ಪರಿಹಾರದ ಹೊಣೆ ಹೆಸರಿದ್ದವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಚಿತ್ರದುರ್ಗದ ನನ್ನ ಭಾವನವರು ನಾಲ್ಕು ವರ್ಷದ ಹಿಂದೆ ಬೈಕ್ ಕೊಟ್ಟರು, ಕೊಂಡವನು ಇನ್ನೂ ಹೆಸರು ಬದಲಾಯಿಸಿಕೊಂಡಿಲ್ಲ. ನನ್ನ ಕಥೆ ಕೇಳಿದ ಮರುದಿನವೇ ಅವರು ಆರ್‌ಟಿಒ ಕಚೇರಿಗೆ ಹೋದರು. ಕಾಯ್ದೆಯ 50ನೇ ಕಲಂ ಪ್ರಕಾರ ರಾಜ್ಯದೊಳಗೆ ಮಾರಿದವರು 14 ದಿನಗಳೊಳಗೆ ತಿಳಿಸಬೇಕು, ಕೊಂಡವರು 30 ದಿನಗಳೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು.

ಕೊಳ್ಳಲು ಹೊರಟವರಿಗೆ ನನ್ನ ಕೋರಿಕೆ ಇಷ್ಟು. ಬೇರೆಯವರ ಮೊಬೈಲಿನಲ್ಲಿ ತೋರಿಸಿದ್ದನ್ನು ಒಪ್ಪಬೇಡಿ, ನಿಮ್ಮ ಮೊಬೈಲಿನಲ್ಲಿ ನೀವೇ ನೋಡಿ. ಕೇಂದ್ರದ ಇ-ಚಲನ್ ಪುಟದಲ್ಲಿ ನಂಬರಿನ ಜೊತೆ ಚಾಸಿ ಅಥವಾ ಎಂಜಿನ್ ಸಂಖ್ಯೆಯ ಕೊನೆಯ ಅಂಕಿಗಳನ್ನೂ ಕೇಳುತ್ತದೆ, ಅದು ಆರ್‌ಸಿಯಲ್ಲಿ ಇರುತ್ತದೆ. ಬೆಂಗಳೂರಿನಲ್ಲಿ ಓಡಿದ ಕಾರಾದರೆ ಅಲ್ಲಿನ ಸಂಚಾರ ಪೊಲೀಸರ ಪುಟವನ್ನೂ ತಪ್ಪದೆ ನೋಡಿ. ಮುಂಗಡ ಕೊಡುವ ದಿನ ಒಮ್ಮೆ, ಕಾರು ತರುವ ದಿನ ಇನ್ನೊಮ್ಮೆ, ತಿಂಗಳಾದ ಮೇಲೆ ಮತ್ತೊಮ್ಮೆ. ಕ್ಯಾಮೆರಾಗೆ ಸಿಕ್ಕ ಪ್ರಕರಣ ಅದೇ ದಿನ ದಾಖಲೆಗೆ ಏರಬೇಕೆಂದಿಲ್ಲ. ಆದ್ದರಿಂದ ಒಟ್ಟು ಬೆಲೆಯಲ್ಲಿ ಹತ್ತು ಸಾವಿರ ರೂಪಾಯಿಯನ್ನಾದರೂ ಆರ್‌ಸಿ ನಿಮ್ಮ ಹೆಸರಿಗೆ ಆಗುವವರೆಗೆ ಹಿಡಿದಿಟ್ಟುಕೊಳ್ಳಿ. ಒಪ್ಪದ ವ್ಯಾಪಾರಿಯ ಬಳಿ ಕೊಳ್ಳಲೇಬೇಡಿ, ದಾವಣಗೆರೆಯಲ್ಲೇ ಕಾರುಗಳಿಗೆ ಬರವಿಲ್ಲ.

ಕಾರು ಕೈಗೆ ಬರುವಾಗ ಒಂದು ಕಾಗದದಲ್ಲಿ ದಿನಾಂಕವನ್ನಷ್ಟೇ ಅಲ್ಲ, ಗಂಟೆಯನ್ನೂ ಬರೆಸಿ. "ಈ ಗಂಟೆಯವರೆಗಿನ ಎಲ್ಲ ಸಂಚಾರ ದಂಡ ಮತ್ತು ತೆರಿಗೆ ಮಾರುವವರ ಹೊಣೆ" ಎಂಬ ಒಂದು ಸಾಲು ಅದರಲ್ಲಿರಲಿ, ಕೆಳಗೆ ಇಬ್ಬರ ಸಹಿ ಇರಲಿ. ನನ್ನ ಕಾಗದದಲ್ಲಿ ದಿನಾಂಕ ಇತ್ತು, ಆ ಸಾಲು ಇರಲಿಲ್ಲ.

ಮಾರಾಟಗಾರನಿಗೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳುಹಿಸಿದೆ, ಉತ್ತರ ಬರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಕೊಂಡವರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ನನ್ನ ಕಾರು ಅದಕ್ಕಿಂತ ಕಡಿಮೆ ಬೆಲೆಯದು. ನಾಲ್ಕು ಫೋಟೊ, ನಾಲ್ಕು ರಸೀದಿ ಮತ್ತು ಹಿಂದಿನ ಮಾಲೀಕರು ಬರೆದುಕೊಟ್ಟ ಪತ್ರ ಜೋಡಿಸಿ ದೂರು ಸಿದ್ಧ ಮಾಡಿದ್ದೇನೆ. 3,500 ರೂಪಾಯಿಗೆ ಇಷ್ಟು ಓಡಾಟ ಬೇಕೇ ಎಂದು ಕೇಳಿದವರಿದ್ದಾರೆ. ಆ ರಸ್ತೆಯಲ್ಲಿ ಇವತ್ತಿಗೂ ಹಾಗೆಯೇ ಕಾರುಗಳು ನಿಂತಿವೆ, ಒಂದೊಂದೂ ಯಾವುದೋ ಊರಿನ ಮನೆಗೆ ಹೋಗುತ್ತದೆ.

ಹಿಂದಿನ ಮಾಲೀಕರು ಪತ್ರ ಕಳುಹಿಸುವಾಗ ಸಂಕೋಚದಿಂದ ಒಂದು ವಿಷಯ ಕೇಳಿದರು. ಗಾಜಿನ ಮೇಲಿನ ಫಾಸ್ಟ್ಯಾಗ್ ಇನ್ನೂ ತಮ್ಮದೇ ಇದೆಯೇ ಎಂದು. ನೋಡಿದರೆ ನಿಜ. ಜೂನ್ 14ರಂದು ನಾನು ಕಾರು ತರುವಾಗ ಗುಯಿಲಾಳು, ಹೆಬ್ಬಾಳು ಟೋಲ್‌ಗಳಲ್ಲಿ ಕಡಿತವಾದದ್ದು ಅವರ ಖಾತೆಯಿಂದ. ನಂತರದ ಓಡಾಟದ್ದೂ ಹಾಗೆಯೇ. ಅಷ್ಟನ್ನೂ ಲೆಕ್ಕ ಹಾಕಿ ಅದೇ ದಿನ ಅವರಿಗೆ ಕಳುಹಿಸಿದೆ, ಮರುದಿನ ಹಳೆಯ ಟ್ಯಾಗ್ ಕಿತ್ತು ನನ್ನ ಹೆಸರಿನದನ್ನು ಅಂಟಿಸಿದೆ.