100 ಮಿಲಿ ಬಲ್ಬ್ ಡ್ರೈನ್: ಎಳೆಯುವುದರಲ್ಲಿ ಜಾಣ, ಅಳೆಯುವುದರಲ್ಲಿ ಮೋಸ

ಸ್ತನ, ಥೈರಾಯ್ಡ್ ಅಥವಾ ಹೊಟ್ಟೆಯ ಆಪರೇಷನ್ ಮುಗಿಸಿ ವಾರ್ಡಿಗೆ ಬರುವ ರೋಗಿಯ ಪಕ್ಕದಲ್ಲಿ, ಗಾಯದೊಳಗೆ ಸೇರುವ ರಕ್ತ, ದ್ರವವನ್ನು ಹೊರಗೆಳೆಯುವ ಈ ಬಲ್ಬ್ ಡ್ರೈನ್ ನೇತಾಡುತ್ತಿರುತ್ತದೆ. ಜಾಕ್ಸನ್-ಪ್ರ್ಯಾಟ್ ಎಂಬ ಹೆಸರಿನಿಂದಲೇ ಬಹಳ ಜನರಿಗೆ ಗೊತ್ತು. ಗಾಯದೊಳಗೆ ಕೂರುವ ತೂತು ತೂತಿನ ತುದಿ, ಹೊರಗೆ ಬರುವ ಕೊಳವೆ, ಮುಷ್ಟಿಯಲ್ಲಿ ಹಿಡಿಸುವ ಸಿಲಿಕೋನ್ ಬಲ್ಬ್, ಇಷ್ಟೇ ಇದರ ಸಂಸಾರ. ಕರೆಂಟು ಬೇಡ, ಗೋಡೆಯ ಸಕ್ಷನ್ ಬೇಡ. ಹಿಂಡಿ ಮುಚ್ಚಿದ ಬಲ್ಬ್ ಮತ್ತೆ ಉಬ್ಬಲು ಹೆಣಗುತ್ತದಲ್ಲ, ಆ ಹೆಣಗಾಟವೇ ಎಳೆತ.

ಹಾಗಾಗಿ ತುಂಬಿದಷ್ಟೂ ಎಳೆತ ಸೋಲುತ್ತದೆ. ಅರ್ಧ ತುಂಬಿತೆಂದರೆ ಖಾಲಿ ಮಾಡಬೇಕು. ಶಿಫ್ಟ್ ಮುಗಿಯಲಿ ಎಂದು ಕಾದರೆ ಅಷ್ಟು ಹೊತ್ತೂ ಅದು ಬರಿಯ ಚೀಲ. ಖಾಲಿ ಮಾಡುವ ಕ್ರಮ ಸುಲಭ. ಕೈ ತೊಳೆದು ಗ್ಲೌಸ್ ಹಾಕಿ, ಬಿರಡೆ ತೆಗೆದು, ದ್ರವವನ್ನು ಅಳತೆಯ ಕಪ್ಪಿಗೆ ಸುರಿಯಿರಿ. ಬಾಯಿಯನ್ನು ಆಲ್ಕೋಹಾಲ್ ಸ್ವ್ಯಾಬ್‌ನಿಂದ ಒರೆಸಿ, ಬಲ್ಬನ್ನು ಪೂರ್ತಿ ಹಿಂಡಿ, ಹಿಂಡಿದ ಕೈ ಸಡಿಲಿಸದೆ ಬಿರಡೆ ಹಾಕಿ. ಹೊಸಬರು ಎಡವುವುದು ಇಲ್ಲೇ: ಮುಚ್ಚಿದ ಮೇಲೆ ಹಿಂಡುತ್ತಾರೆ. ಒಮ್ಮುಖ ಕವಾಟ ಇಲ್ಲದ ಮಾದರಿಯಲ್ಲಿ ಹೀಗೆ ಮಾಡಿದರೆ ಒಳಗಿದ್ದದ್ದೆಲ್ಲ ಗಾಯಕ್ಕೇ ವಾಪಸ್. ಕವಾಟ ಇರುವುದನ್ನೇ ತರಿಸಿಕೊಳ್ಳಿ ಎನ್ನಲು ಇದೊಂದೇ ಕಾರಣ ಸಾಕು.

ಇನ್ನು ಬಲ್ಬ್ ಮೇಲಿನ ಗೆರೆಗಳು. ಅವು ಅಂದಾಜಿಗೆ ಮಾತ್ರ. ಹಿಂಡಿ ಮುದ್ದೆಯಾದ, ಓರೆಯಾಗಿ ತೂಗುವ ಬಲ್ಬಿನಲ್ಲಿ 25ರ ಗೆರೆಗೆ ಅರ್ಥವೇ ಇಲ್ಲ. ಸಾಮಾನ್ಯವಾಗಿ 24 ಗಂಟೆಯಲ್ಲಿ 30 ಮಿಲಿಗಿಂತ ಕಡಿಮೆ ಬಂದರೆ ಡ್ರೈನ್ ತೆಗೆಯುವ ಮಾತು ಶುರುವಾಗುತ್ತದೆ (ಕೊನೆಯ ನಿರ್ಧಾರ ಸರ್ಜನ್‌ರದ್ದು). ಅಂಥಲ್ಲಿ 10 ಮಿಲಿ ತಪ್ಪಿದರೂ ಲೆಕ್ಕ ಬುಡಮೇಲು. ಸಣ್ಣ ಪ್ರಮಾಣವನ್ನು ಸಿರಿಂಜಿನಲ್ಲಿ ಎಳೆದು ಅಳೆಯುವುದು ವಾಸಿ. ಎರಡು ಡ್ರೈನ್ ಇದ್ದರೆ 1, 2 ಎಂದು ಚೀಟಿ ಅಂಟಿಸಿ ಬೇರೆ ಬೇರೆ ಬರೆಯಿರಿ. ಕೂಡಿಸಿ ಬರೆದ ಚಾರ್ಟಿನಿಂದ ಯಾವ ಕಡೆ ರಕ್ತ ಹೆಚ್ಚಾಯಿತೆಂದು ಯಾರಿಗೂ ತಿಳಿಯದು.

ಪಾರದರ್ಶಕವಾಗಿರುವುದು ದೊಡ್ಡ ಗುಣ, ಬಣ್ಣ ಕಾಣುತ್ತದೆ. ಮೊದಲ ದಿನದ ಕೆಂಪು ಬರಬರುತ್ತಾ ತಿಳಿಗೆಂಪಾಗಿ, ಆಮೇಲೆ ಒಣಹುಲ್ಲಿನ ಬಣ್ಣಕ್ಕೆ ಇಳಿಯಬೇಕು. ತಿಳಿಯಾದದ್ದು ಮತ್ತೆ ಕಡುಗೆಂಪಾದರೆ, ಗಂಟೆಗೆ 100 ಮಿಲಿಯಷ್ಟು ಬರತೊಡಗಿದರೆ, ಹೊಟ್ಟೆಯ ಡ್ರೈನಿನಲ್ಲಿ ಹಸಿರು ಪಿತ್ತವೋ ಮಲದ ವಾಸನೆಯೋ ಕಂಡರೆ, ಕತ್ತಿನ ಡ್ರೈನಿನಲ್ಲಿ ಹಾಲಿನಂಥ ದ್ರವ ಬಂದರೆ ತಡಮಾಡದೆ ಡಾಕ್ಟರಿಗೆ ಹೇಳಬೇಕು.

ಆದರೆ ನಿಜವಾಗಿ ಹೆದರಬೇಕಾದದ್ದು ಖಾಲಿ ಬಲ್ಬಿಗೆ. ಹೆಪ್ಪು ಕಟ್ಟಿ ಕೊಳವೆ ಮುಚ್ಚಿದರೆ ಒಳಗೆ ರಕ್ತ ಸೋರುತ್ತಿದ್ದರೂ ಹೊರಗೆ ಸೊನ್ನೆ. ನಾಡಿ ಏರುತ್ತಿದ್ದು, ಮೂತ್ರ ಗಂಟೆಗೆ ಕಿಲೋ ತೂಕಕ್ಕೆ 0.5 ಮಿಲಿಗಿಂತ ಇಳಿದು, ರೋಗಿ ಬಿಳಚಿಕೊಂಡು ಚಡಪಡಿಸುತ್ತಿದ್ದರೆ ಡ್ರೈನ್ ಏನೇ ಹೇಳಲಿ, ಕೇಳಬೇಡಿ. ಬಿಪಿ ಇಳಿಯುವುದು ಇವಕ್ಕಿಂತ ತಡವಾಗಿ. ಥೈರಾಯ್ಡ್ ರೋಗಿಯ ಕತ್ತು ಊದಿ, ಉಸಿರಾಟದಲ್ಲಿ ಗೊರಗೊರ ಸದ್ದು ಬಂದರೆ ಅದು ತುರ್ತು. ಹೊಲಿಗೆ ಬಿಚ್ಚುವ ಸಲಕರಣೆ ಮಂಚದ ಪಕ್ಕದಲ್ಲೇ ಇರಬೇಕು.

ಬಲ್ಬ್ ಹಿಂಡಿದ ಕೂಡಲೇ ಉಬ್ಬಿಕೊಂಡರೆ ಎಲ್ಲೋ ಗಾಳಿ ನುಗ್ಗುತ್ತಿದೆ. ಮೊದಲು ಬಿರಡೆ, ಆಮೇಲೆ ಕೊಳವೆಯ ಜೋಡಣೆ, ಕೊನೆಗೆ ಚರ್ಮದ ಬಳಿ ನೋಡಿ. ಕೊಳವೆ ಜಾರಿ ತೂತು ಹೊರಗೆ ಕಾಣುತ್ತಿದ್ದರೆ ಒಳಗೆ ತಳ್ಳಲೇಬಾರದು. ಸ್ಟೆರೈಲ್ ಡ್ರೆಸ್ಸಿಂಗ್ ಮುಚ್ಚಿ ಡಾಕ್ಟರಿಗೆ ತಿಳಿಸಿ. ಜಾರಲು ಒಂದು ಕಾರಣ ಬಲ್ಬನ್ನು ಹಾಸಿಗೆಯ ಬಟ್ಟೆಗೆ ಪಿನ್ ಮಾಡುವುದು. ರೋಗಿ ಎದ್ದರೆ ಹಾಸಿಗೆ ಏಳುವುದಿಲ್ಲ! ಗಾಯಕ್ಕಿಂತ ಕೆಳಗೆ, ರೋಗಿಯ ಅಂಗಿಗೇ ಸಿಕ್ಕಿಸಿ. ಕೊಳವೆಯನ್ನು ನೀವಿ ಹೆಪ್ಪು ಸರಿಸುವುದು ಘಟಕದ ಪದ್ಧತಿಯಲ್ಲಿದ್ದರೆ ಮಾತ್ರ. ಹಾಗೆ ಮಾಡುವಾಗ ಚರ್ಮದ ಹತ್ತಿರ ಒಂದು ಕೈಯಿಂದ ಕೊಳವೆಯನ್ನು ಗಟ್ಟಿಯಾಗಿ ಹಿಡಿದಿರಬೇಕು. ಜೋರಾಗಿ, ಪದೇಪದೇ ನೀವಿದರೆ ಒಳಗಿನ ಎಳೆತ ವಿಪರೀತವಾಗಿ ಅಂಗಾಂಶಕ್ಕೆ ಪೆಟ್ಟು.

ಬೆಲ್ಲೋಸ್ ಡ್ರೈನ್ (ತಿದಿಯಂತೆ ಅದುಮಿ ಮುಚ್ಚುವ ದೊಡ್ಡ ಡಬ್ಬಿಯದು) ಜೊತೆ ಹೋಲಿಸಿದರೆ? ಅದರಲ್ಲಿ ನಾಲ್ಕು ಪಟ್ಟು, ಕೆಲವದರಲ್ಲಿ ಇನ್ನೂ ಹೆಚ್ಚು ಜಾಗವಿದೆ, ದೊಡ್ಡ ಗಾಯಕ್ಕೆ ಅದೇ ಸರಿ. ಆದರೆ ಖಾಲಿ ಮಾಡುವ ಮುನ್ನ ರೋಗಿಯ ಕಡೆಯ ಕ್ಲ್ಯಾಂಪ್ ಹಾಕಬೇಕು, ಆಮೇಲೆ ತೆಗೆಯುವುದನ್ನು ಮರೆತರೆ ಬೆಳಗಿನವರೆಗೂ ಚಾರ್ಟಿನಲ್ಲಿ ಸೊನ್ನೆಯೇ. ಬಲ್ಬಿಗೆ ಆ ರಗಳೆಯಿಲ್ಲ, ರೋಗಿ ಓಡಾಡಲೂ ಹಗುರ. ದಿನಕ್ಕೆ 200 ಮಿಲಿಯವರೆಗೆ ಬರುವ ಗಾಯಗಳಿಗೆ ನಮ್ಮ ಆಯ್ಕೆ ಬಲ್ಬೇ, ಜೊತೆಗೆ ಪ್ರತಿ ರೋಗಿಗೂ ಪ್ರತ್ಯೇಕ ಅಳತೆಯ ಕಪ್ಪು ಕೊಡುವುದಾದರೆ.